ಕಡಿಮೆ ಖರ್ಚಿನಲ್ಲಿ ಮನೆ ಕೈತೋಟ: ರೊಳ್ಳ ಸುತ್ತಮುತ್ತ ಗಿಡ, ಮಣ್ಣು, ಗೊಬ್ಬರ ಹೊಂದಿಸುವುದು ಹೇಗೆ?

ಹೊಸ ಮನೆ ಕಟ್ಟಿದವರು ಗೃಹಪ್ರವೇಶ ಮುಗಿದ ಕೂಡಲೇ ಮಾಡುವ ಕೆಲಸ ಮನೆ ಮುಂದೆ ನಾಲ್ಕು ಗಿಡ ನೆಡುವುದು. ಟೆಂಪೊದಲ್ಲಿ ಬಂದ ಚೆಂದದ ಗಿಡಗಳನ್ನು ಕೇಳಿದಷ್ಟು ಕೊಟ್ಟು ತಂದು ನೆಡುತ್ತಾರೆ. ಏಪ್ರಿಲ್ ಬಿಸಿಲಿಗೆ ಅರ್ಧ ಗಿಡ ಒಣಗಿರುತ್ತವೆ. ಮುಂದಿನ ವರ್ಷ ಮತ್ತೆ ಅದೇ ಖರ್ಚು.

ನಮ್ಮ ಸೀಮೆಯಲ್ಲಿ ಮಳೆ ವರ್ಷಕ್ಕೆ ಸರಾಸರಿ 500ರಿಂದ 600 ಮಿ.ಮೀ. ಅಷ್ಟೇ. ಇಲ್ಲಿ ಗಿಡದ ಬೆಲೆಗಿಂತ ನೀರಿನ ಬೆಲೆ ದೊಡ್ಡದು. ಅಗ್ಗಕ್ಕೆ ಸಿಕ್ಕ ಗಿಡವೆಲ್ಲ ಅಗ್ಗವಲ್ಲ. ಎರಡು ಬೇಸಿಗೆ ದಾಟಿ ಉಳಿದ ಗಿಡವೇ ಅಗ್ಗದ ಗಿಡ. ಈ ಲೆಕ್ಕ ಇಟ್ಟುಕೊಂಡು ಏನನ್ನು ಕೊಳ್ಳಬೇಕು, ಏನನ್ನು ಕೊಳ್ಳಬಾರದು ಎಂದು ನೋಡೋಣ.

ದುಡ್ಡು ಕೊಡದೆ ಸಿಗುವ ಗಿಡಗಳು

ಕೈತೋಟದ ಅರ್ಧಕ್ಕೂ ಹೆಚ್ಚು ಗಿಡಗಳನ್ನು ನೆರೆಹೊರೆಯಲ್ಲೇ ಕೇಳಿ ತರಬಹುದು.

* ದಾಸವಾಳ, ಕಣಗಿಲೆ, ಮಲ್ಲಿಗೆ, ಕಾಗದದ ಹೂ: ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಕಡ್ಡಿ ಸಾಕು. ಮಳೆಗಾಲದಲ್ಲಿ ನೆರಳಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಕಣಗಿಲೆಯ ಎಲ್ಲ ಭಾಗವೂ ವಿಷ. ಮಕ್ಕಳು, ದನಕರು ಇರುವ ಮನೆಯಲ್ಲಿ ಅದನ್ನು ದೂರ ನೆಡಿ.
* ಕರಿಬೇವು: ದೊಡ್ಡ ಗಿಡದ ಬುಡದಲ್ಲಿ ಬೇರಿನಿಂದ ಎದ್ದ ಮರಿಗಳನ್ನು ಕಿತ್ತು ನೆಡಬಹುದು. ಬೀಜವಾದರೆ ಹಣ್ಣು ಬಿಡಿಸಿದ ಕೆಲವೇ ದಿನಗಳಲ್ಲಿ ಊರಬೇಕು. ಒಣಗಿದ ಬೀಜ ಹುಟ್ಟುವುದಿಲ್ಲ.
* ನುಗ್ಗೆ: ಊರ ನುಗ್ಗೆಯನ್ನು ಕೊಂಬೆ ನೆಟ್ಟು ಬೆಳೆಸುತ್ತಾರೆ. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ತಳಿಯನ್ನು ಬೀಜದಿಂದಲೇ ಬೆಳೆಯಬೇಕು. ಇದು ಆರು ತಿಂಗಳ ಹೊತ್ತಿಗೆ ಹೂ ಕಾಣುತ್ತದೆ.
* ಕನಕಾಂಬರ: ನಾಟಿ ತಳಿ ಬೀಜದಿಂದ ಬರುತ್ತದೆ. ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಕಡ್ಡಿಯೇ ಬೇಕು.
* ಸೇವಂತಿಗೆ, ದೊಡ್ಡಪತ್ರೆ, ಲೋಳೆಸರ: ಬುಡದ ಮರಿ ಅಥವಾ ತುಂಡು ಸಾಕು.

ದುಡ್ಡು ಕೊಟ್ಟೇ ತರಬೇಕಾದವು

ಮಾವು, ಸಪೋಟ, ಸೀಬೆ, ನಿಂಬೆ, ಗುಲಾಬಿ ಇವುಗಳಲ್ಲಿ ಕಸಿ ಅಥವಾ ಗೂಟಿ ಗಿಡಕ್ಕೆ ಹಣ ಹಾಕುವುದು ದಂಡವಲ್ಲ. ಬೀಜದ ಮಾವು ಫಲಕ್ಕೆ ಬರಲು ಹಲವು ವರ್ಷ ಬೇಕು, ತಾಯಿ ಗಿಡದ ಹಣ್ಣೇ ಬರುತ್ತದೆಂಬ ಭರವಸೆಯೂ ಇಲ್ಲ. ಕೊಳ್ಳುವಾಗ ಇಷ್ಟನ್ನು ನೋಡಿ:

1. ಕಸಿ ಕಟ್ಟಿದ ಜಾಗ ಚೆನ್ನಾಗಿ ಕೂಡಿರಬೇಕು. ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿದಿದ್ದರೆ ನೆಟ್ಟ ಮೇಲೆ ಬಿಚ್ಚಬೇಕು.
2. ಕಸಿಯ ಕೆಳಗಿನಿಂದ ಚಿಗುರು ಬಂದಿದ್ದರೆ ಅದು ಕಾಡು ಗಿಡದ್ದು. ಚಿವುಟಿ ಹಾಕಿ.
3. ಚೀಲ ಹರಿದು ಬೇರು ನೆಲಕ್ಕಿಳಿದಿದ್ದರೆ ಬೇಡ. ಕೀಳುವಾಗಲೇ ಬೇರು ಹರಿದಿರುತ್ತದೆ.
4. ಎಲೆಯನ್ನು ಮಗುಚಿ ನೋಡಿ. ಬಿಳಿ ಹತ್ತಿಯಂಥದ್ದು, ಅಂಟು, ಕಪ್ಪು ಮಸಿ ಇದ್ದರೆ ಬಿಟ್ಟುಬಿಡಿ.

ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಪ್ಪಾಯ ಹಿಟ್ಟುತಿಗಣೆ ದೇಶದಲ್ಲಿ ಮೊದಲು ಕಂಡದ್ದು 2008ರಲ್ಲಿ ಕೊಯಮತ್ತೂರಿನಲ್ಲಿ. ತೆಂಗಿನ ಸುರುಳಿ ಬಿಳಿನೊಣ ಕಂಡದ್ದು 2016ರಲ್ಲಿ ಪೊಳ್ಳಾಚಿ ಕಡೆ. ಇಂಥ ಕೀಟಗಳು ಸಸಿಗಳ ಜೊತೆಗೂ ಊರಿಂದೂರಿಗೆ ಹೋಗುತ್ತವೆ. ನಮ್ಮ ಮಡಕಶಿರ ಸೀಮೆಯಲ್ಲಿ ತೆಂಗು, ಅಡಿಕೆ ನಂಬಿದ ಮನೆಗಳು ಎಷ್ಟೋ ಇವೆ. ಮನೆ ಮುಂದಿನ ಒಂದು ಹೂಗಿಡ ತೋಟಕ್ಕೆ ಕೇಡು ತರಬಾರದು. ಹೊಸ ಗಿಡವನ್ನು ಹತ್ತು-ಹದಿನೈದು ದಿನ ಬೇರೆ ಇಟ್ಟು ನೋಡಿ, ಆಮೇಲೆ ನೆಡಿ.

ಎಲ್ಲಿ ಸಿಗುತ್ತವೆ?

ಹತ್ತಿರದಲ್ಲಿ ಮಡಕಶಿರ, ಹಿಂದೂಪುರ, ಶಿರಾ ಇವೆ. ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ. ಹೊಂಗೆ, ಬೇವಿನಂಥ ನೆರಳಿನ ಮರಗಳಿಗೆ ಮೊದಲು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಿ. ಜುಲೈ ಮೊದಲ ವಾರದ ವನಮಹೋತ್ಸವದ ಸಮಯ ಇದಕ್ಕೆ ಸರಿ.

ಶಿರಾ ದಾರಿಯಲ್ಲಿ ಬೆಂಗಳೂರಿಗೆ ಹೋಗುವವರಿಗೆ ತುಮಕೂರು ದಾಟಿದ ಮೇಲೆ ಹಿರೇಹಳ್ಳಿ ಸಿಗುತ್ತದೆ. ಅಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಇವೆ. ಕೆಂಪು ತೊಳೆಯ 'ಸಿದ್ದು' ಹಲಸಿಗೆ ಹೆಸರಾದ ಜಾಗ ಇದೇ. ಹೋಗುವ ಮುನ್ನ ಫೋನ್ ಮಾಡಿ, ಸಸಿ ಇದೆಯೇ ಎಂದು ಕೇಳಿಕೊಳ್ಳಿ. ಹೆಸರಘಟ್ಟದ ಮುಖ್ಯ ಸಂಸ್ಥೆ ತರಕಾರಿ ಬೀಜಗಳನ್ನೂ ಮಾರುತ್ತದೆ. ಅರ್ಕಾ ಅನಾಮಿಕ ಬೆಂಡೆಯಂಥ ತಳಿ ತಂದರೆ ಮುಂದಿನ ವರ್ಷಕ್ಕೆ ನಿಮ್ಮದೇ ಬೀಜ ಇಟ್ಟುಕೊಳ್ಳಬಹುದು. ಅರ್ಕಾ ರಕ್ಷಕ್ ಟೊಮೆಟೊದಂಥ ಹೈಬ್ರಿಡ್‌ಗೆ ಪ್ರತಿ ಸಲವೂ ಬೀಜ ಕೊಳ್ಳಬೇಕು.

ಬೆಂಗಳೂರಿನಲ್ಲಿ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳು ಹಳೆಯವು. ಆಂಧ್ರದ ದೊಡ್ಡ ಸಸಿ ಮಾರುಕಟ್ಟೆ ಎಂದರೆ ರಾಜಮಹೇಂದ್ರವರಂ ಬಳಿಯ ಕಡಿಯಂ. ಅಲ್ಲಿನ ಗಿಡಗಳು ಲಾರಿಗಳಲ್ಲಿ ದೂರದೂರಿಗೆ ಹೋಗುತ್ತವೆ. ಗೋದಾವರಿಯ ತೇವದಲ್ಲಿ ಬೆಳೆದ ಗಿಡವನ್ನು ನೇರ ನಮ್ಮ ಬಿಸಿಲಿಗೆ ಇಡಬೇಡಿ. ಎರಡು ವಾರ ನೆರಳಲ್ಲಿಟ್ಟು ಒಗ್ಗಿಸಿ.

ಗಿಡದ ಹೆಸರು ಕೇಳುವಾಗ ಎಚ್ಚರ

ಗಡಿಯಲ್ಲಿ ಎರಡು ಭಾಷೆ ನಡೆಯುವುದರಿಂದ ಒಂದೊಂದು ಸಲ ಗಿಡವೇ ಬದಲಾಗುತ್ತದೆ. ಕನ್ನಡದಲ್ಲಿ ಮಂದಾರ ಬೇರೆ ಮರ, ತೆಲುಗಿನಲ್ಲಿ ಮಂದಾರ ಎಂದರೆ ನಮ್ಮ ದಾಸವಾಳ. ಸೀಬೆಗೆ ತೆಲುಗಿನಲ್ಲಿ ಜಾಮ, ನುಗ್ಗೆಗೆ ಮುನಗ, ಹೊಂಗೆಗೆ ಕಾನುಗ, ಕಣಗಿಲೆಗೆ ಗನ್ನೇರು, ಸೇವಂತಿಗೆಗೆ ಚಾಮಂತಿ, ದೊಡ್ಡಪತ್ರೆಗೆ ವಾಮಾಕು ಎನ್ನುತ್ತಾರೆ.

ಮಣ್ಣು, ಗೊಬ್ಬರ, ಕಲ್ಲು

ಇವುಗಳಲ್ಲಿ ಸಾಮಾನಿಗಿಂತ ಸಾಗಣೆ ಬಾಡಿಗೆಯೇ ಹೆಚ್ಚು. ಆದ್ದರಿಂದ ಅಕ್ಕಪಕ್ಕದ ಎರಡು-ಮೂರು ಮನೆಯವರು ಸೇರಿ ಒಂದು ಟ್ರ್ಯಾಕ್ಟರ್ ಲೋಡು ತರಿಸಿ ಹಂಚಿಕೊಳ್ಳಿ.

ಕೆರೆ ಗೋಡು: ಬೇಸಿಗೆಯಲ್ಲಿ ಕೆರೆ ಒಣಗಿದಾಗ ಸಿಗುತ್ತದೆ. ಪಂಚಾಯಿತಿ ಮತ್ತು ನೀರಾವರಿ ಇಲಾಖೆಯವರ ಒಪ್ಪಿಗೆ ಪಡೆದೇ ತನ್ನಿ. ಬರೀ ಗೋಡು ಬಿಸಿಲಿಗೆ ಗಟ್ಟಿಯಾಗುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೋಡು, ಒಂದು ಪಾಲು ಹಳೆ ಕೊಟ್ಟಿಗೆ ಗೊಬ್ಬರ ಬೆರೆಸಿ.

ಗೊಬ್ಬರ: ಹಸಿ ಸಗಣಿ ಬೇಡ, ಗೆದ್ದಲು ಬರುತ್ತದೆ. ಚೆನ್ನಾಗಿ ಕಳಿತದ್ದೇ ಇರಲಿ. ರೇಷ್ಮೆ ಸಾಕುವವರ ಮನೆಯಲ್ಲಿ ಉಳಿಯುವ ಹುಳುವಿನ ಹಿಕ್ಕೆ ಮತ್ತು ಸೊಪ್ಪಿನ ಕಸ ಕೊಳೆಸಿದರೆ ಒಳ್ಳೆಯ ಗೊಬ್ಬರ. ಗುಂಡಿಗೆ ಒಂದೆರಡು ಹಿಡಿ ಬೇವಿನ ಹಿಂಡಿ ಹಾಕಿ.

ಮುಚ್ಚಿಗೆ: ಕಡಲೆಕಾಯಿ ಸಿಪ್ಪೆ, ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ ನಮ್ಮಲ್ಲೇ ಇವೆ. ಪೇಟೆಯ ಕೊಕೊಪೀಟ್ ಇಟ್ಟಿಗೆ ಕೊಳ್ಳುವ ಅಗತ್ಯ ಕಡಿಮೆ. ಗಿಡದ ಬುಡದಲ್ಲಿ ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಕದಂತೆ ನಾಲ್ಕು ಬೆರಳು ಜಾಗ ಬಿಡಿ.

ಕಲ್ಲು: ಕಾಲುದಾರಿಗೆ, ಪಾತಿಯ ಅಂಚಿಗೆ ಒಡೆದ ಚಪ್ಪಡಿ ತುಂಡುಗಳು ಸಾಕು. ಕಲ್ಲು ಕೆಲಸ ಮಾಡುವವರ ಹತ್ತಿರ ಉಳಿಕೆ ತುಂಡು ಕೇಳಿ. ಹೊಸ ಬಂಡೆಗಿಂತ ಬಹಳ ಕಡಿಮೆಗೆ ಬರುತ್ತದೆ.

ಕುಂಡ: ಬಣ್ಣದ ಬಕೆಟ್, ಎಣ್ಣೆ ಡಬ್ಬ, ಸಿಮೆಂಟ್ ಚೀಲ ಆಗುತ್ತದೆ. ತಳಕ್ಕೆ ತೂತು ಇರಲಿ. ಕ್ರಿಮಿನಾಶಕದ ಡಬ್ಬ ಮಾತ್ರ ಬೇಡವೇ ಬೇಡ.

ಹುಲ್ಲುಹಾಸು ಬೇಕೆ?

ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. 30 ಅಡಿ ಉದ್ದ 10 ಅಡಿ ಅಗಲದ ಹಾಸಿಗೆ ಇದು ದಿನಕ್ಕೆ 140 ಲೀಟರ್ ಆಗುತ್ತದೆ. ಇಪ್ಪತ್ತು ಗಿಡಗಳಿಗೆ ಮೂರು ದಿನಕ್ಕೊಮ್ಮೆ 10 ಲೀಟರಿನಂತೆ ಹಾಕಿದರೂ ದಿನದ ಲೆಕ್ಕ 70 ಲೀಟರ್ ದಾಟುವುದಿಲ್ಲ. ಬೋರ್‌ವೆಲ್ ಬತ್ತಿ ಟ್ಯಾಂಕರ್ ಕಾಯುವ ಊರಿನಲ್ಲಿ ಹುಲ್ಲಿನ ಬದಲು ಕಲ್ಲು, ಜಲ್ಲಿ ಮತ್ತು ನೆರಳಿನ ಒಂದು ಹೊಂಗೆ ಮರವೇ ಮೇಲು.

ಇನ್ನೊಂದು ಕಡೆ, ಸಾವಿರ ಚದರ ಅಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು. ಒಂದು ಪೈಪ್, ಒಂದು ಹಳೆ ಡ್ರಮ್ ಇಟ್ಟರೂ ಕೆಲವು ದಿನದ ನೀರು ಸಿಗುತ್ತದೆ. ಸೊಳ್ಳೆ ಬಾರದಂತೆ ಡ್ರಮ್ಮಿಗೆ ಬಟ್ಟೆ ಕಟ್ಟಿ. ಪಾತ್ರೆ ತೊಳೆದ ನೀರನ್ನು ಬಾಳೆ ಬುಡಕ್ಕೆ ಬಿಡಿ.

ಯಾವಾಗ ನೆಡಬೇಕು?

ಏಪ್ರಿಲ್-ಮೇನಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮುಂಗಾರು ಒಂದೆರಡು ಹದ ಮಳೆ ಕೊಟ್ಟ ಮೇಲೆ ಮಣ್ಣು-ಗೊಬ್ಬರ ತುಂಬಿ ನೆಡಿ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಮುಖ್ಯ. ಅಷ್ಟರಲ್ಲಿ ಗಿಡ ಬೇರೂರಿರಬೇಕು. ಚೀಲವನ್ನು ಪೂರ್ತಿ ಹರಿದು ತೆಗೆಯಿರಿ, ಕಸಿ ಗಂಟು ಮಣ್ಣಿನ ಮೇಲಿರಲಿ.

ಮೊದಲ ವರ್ಷ ಐದಾರು ಗಿಡ ಸಾಕು. ಅವು ಬೇಸಿಗೆ ದಾಟಿದರೆ ಮುಂದಿನ ವರ್ಷ ಅವುಗಳ ಕಡ್ಡಿಯಿಂದಲೇ ತೋಟ ಹೆಚ್ಚಿಸಬಹುದು, ನೆರೆಯವರಿಗೂ ಕೊಡಬಹುದು.