ಹೊರಕಟ್ಟಡಗಳಿಗೆ ವಿದ್ಯುತ್ ಸಂಪರ್ಕ

ವಾಸದ ಮನೆಯಿಂದ ದೂರವಿರುವ ದನದ ಕೊಟ್ಟಿಗೆ, ಪಂಪ್‌ಹೌಸ್, ಅಡಕೆ ಗೋದಾಮು ಮುಂತಾದವುಗಳಿಗೆ ಮನೆಯ ಮೇನ್ ಬೋರ್ಡಿನಿಂದ ಪ್ರತ್ಯೇಕ ಮಾರ್ಗ ಎಳೆದು ವಿದ್ಯುತ್ ಒದಗಿಸುವ ವ್ಯವಸ್ಥೆ. ತೋಟದ ನಡುವೆ ಕಟ್ಟಡಗಳು ಚದುರಿಕೊಂಡಿರುವ ಮಲೆನಾಡು, ಕರಾವಳಿಗಳಲ್ಲಿ ಇದರ ಅಗತ್ಯ ಹೆಚ್ಚು. ಮಾರ್ಗ ಉದ್ದವಾದಷ್ಟೂ ವೋಲ್ಟೇಜ್ ಕುಸಿಯುತ್ತದೆ. ಅರ್ಥಿಂಗ್ ಬಗ್ಗೆಯೂ ಹೆಚ್ಚಿನ ಎಚ್ಚರ ಬೇಕಾಗುತ್ತದೆ.

ಕೇಬಲಿನ ಗಾತ್ರ: 230 ವೋಲ್ಟಿನ ಸಿಂಗಲ್ ಫೇಸ್ ಮಾರ್ಗ 100 ಮೀಟರ್ ಉದ್ದವಿದ್ದು 10 ಆಂಪಿಯರ್ ಹರಿಯುತ್ತಿದೆ ಎನ್ನೋಣ. 2.5 ಚದರ ಮಿ.ಮೀ. ತಾಮ್ರದ ಕೇಬಲಾದರೆ ಫೇಸ್, ನ್ಯೂಟ್ರಲ್ ಎರಡರಲ್ಲೂ ಸೇರಿ ಸುಮಾರು 15 ವೋಲ್ಟ್ ನಷ್ಟವಾಗುತ್ತದೆ. 6 ಚದರ ಮಿ.ಮೀ. ಕೇಬಲಿನಲ್ಲಿ ಈ ನಷ್ಟ ಸುಮಾರು 6 ವೋಲ್ಟ್ ಮಾತ್ರ. ಮೋಟರು ಚಾಲೂ ಆಗುವ ಗಳಿಗೆಯಲ್ಲಿ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಸಣ್ಣ ಕೇಬಲಿದ್ದರೆ ಮೋಟರು ತಿರುಗದೆ ಗುಂಯ್‌ಗುಟ್ಟಿ, ಕೊನೆಗೆ ವೈಂಡಿಂಗ್ ಸುಟ್ಟುಹೋಗಬಹುದು. ಅಲ್ಯೂಮಿನಿಯಂ ಕೇಬಲ್ ಅಗ್ಗವಾದರೂ ಅಷ್ಟೇ ಕೆಲಸಕ್ಕೆ ಇನ್ನೂ ದಪ್ಪನೆಯದು ಬೇಕು.

ಮಾರ್ಗ: ನೆಲದಡಿಯ ಆರ್ಮರ್ಡ್ ಕೇಬಲ್ ಹೆಚ್ಚು ಸುರಕ್ಷಿತ. ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಇಂಥ ಕೇಬಲನ್ನು 75 ಸೆಂ.ಮೀ. ಆಳದಲ್ಲೂ, ರಸ್ತೆ ದಾಟುವಲ್ಲಿ 1 ಮೀಟರ್ ಆಳದಲ್ಲೂ ಹೂಳಬೇಕು. ಕಾಲುವೆ ತೋಡಿ, ತಳಕ್ಕೆ ಮರಳು ಹಾಸಿ, ಕೇಬಲ್ ಇಟ್ಟು, ಮೇಲೆ ಮತ್ತೆ ಮರಳು ಹರಡಿ ಇಟ್ಟಿಗೆ ಜೋಡಿಸುತ್ತಾರೆ. ಮುಂದೆ ಯಾರಾದರೂ ಅಲ್ಲಿ ಅಗೆದರೆ ಗುದ್ದಲಿಗೆ ಮೊದಲು ಸಿಗುವುದು ಇಟ್ಟಿಗೆ. ಅಡಕೆ ಮರಗಳಿಗೆ ವೈರ್ ಕಟ್ಟಿ ಎಳೆಯುವುದು ಅಪಾಯಕಾರಿ: ಗಾಳಿಗೆ ಉಜ್ಜಿ ಹೊದಿಕೆ ಸವೆಯುತ್ತದೆ, ಕೊಯ್ಲಿನ ಅಲ್ಯೂಮಿನಿಯಂ ದೋಟಿ ತಗುಲಿದರೆ ಜೀವಕ್ಕೇ ಕುತ್ತು.

ರಕ್ಷಣೆ: ಹೊರಕಟ್ಟಡದಲ್ಲಿ ಪ್ರತ್ಯೇಕ ಮೇನ್ ಸ್ವಿಚ್, ಎಂಸಿಬಿ (ಮಿತಿಮೀರಿ ಕರೆಂಟ್ ಹರಿದಾಗ ತಾನೇ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದಾಗ ಬೀಳುವ ಸ್ವಿಚ್) ಮತ್ತು ಅರ್ಥಿಂಗ್ ಇರಬೇಕು. ಬರೀ ಅರ್ಥಿಂಗ್ ಗುಂಡಿಯನ್ನು ನಂಬುವಂತಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿ ಗುಂಡಿಯ ರೋಧ 20 ಓಮ್ ಆಯಿತೆಂದರೆ, ಫೇಸ್ ತಂತಿ ಮೋಟರಿನ ಕವಚಕ್ಕೆ ತಗುಲಿದರೂ ಹರಿಯುವುದು 12 ಆಂಪಿಯರಿಗಿಂತ ಕಡಿಮೆ. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದಿಲ್ಲ. ಕವಚದಲ್ಲಿ ಕರೆಂಟ್ ಹಾಗೆಯೇ ಉಳಿಯುತ್ತದೆ. 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲಿ ಪ್ರಾಣರಕ್ಷಕ. ಒದ್ದೆ ನೆಲದ ಮೇಲೆ ನಿಲ್ಲುವ ಹಸು, ಎಮ್ಮೆಗಳಿಗೆ ಮನುಷ್ಯರಿಗಿಂತ ಕಡಿಮೆ ವೋಲ್ಟೇಜೂ ಮಾರಕವಾಗಬಲ್ಲದು. ಆದ್ದರಿಂದ ಕೊಟ್ಟಿಗೆಯ ಕಬ್ಬಿಣದ ಕಂಬ, ನೀರಿನ ಪೈಪುಗಳನ್ನೂ ಅರ್ಥ್ ತಂತಿಗೆ ಜೋಡಿಸಬೇಕು.

ನಿಯಮ: ನೀರಾವರಿ ಪಂಪ್‌ಸೆಟ್ಟಿಗೆಂದು ಪಡೆದ ಸಂಪರ್ಕದಿಂದ ಬೇರೆ ಉದ್ದೇಶಕ್ಕೆ ವಿದ್ಯುತ್ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಡಿ ಅನಧಿಕೃತ ಬಳಕೆಯಾಗುತ್ತದೆ. ಒಂದೆರಡು ದೀಪಗಳಷ್ಟೇ ಬೇಕಾದಲ್ಲಿ ಉದ್ದನೆಯ ಕೇಬಲಿಗಿಂತ ಬ್ಯಾಟರಿಸಹಿತ ಸೌರ ಫಲಕವೇ ಲೇಸು. ಉಳಿದಂತೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ಪರೀಕ್ಷಿಸುತ್ತಿರಬೇಕು.