ಸಾಲದ ಕುದುರೆ, ಸಾಲದ ಕಾರು

ಅರಸೀಕೆರೆಗೆ ಕೆಲವೇ ಮೈಲಿ ದೂರದ ಹಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ಎರಡು ಗುಡಿಗಳಿವೆ. ಒಂದು ಲಕ್ಷ್ಮೀನರಸಿಂಹನದು, ಇನ್ನೊಂದು ಸೋಮೇಶ್ವರನದು. ಸುಮಾರು 1235ರಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಸಹೋದರರು ಇವನ್ನು ಕಟ್ಟಿಸಿದರೆಂದು ಹೇಳುತ್ತಾರೆ. ಬೇಲೂರು ಹಳೇಬೀಡುಗಳ ಕೀರ್ತಿಯ ಮುಂದೆ ಹಾರನಹಳ್ಳಿಯ ಹೆಸರು ಮಂಕಾಗಿರುವುದರಿಂದ ಇಲ್ಲಿಗೆ ಬರುವವರು ಕಡಮೆ. ಬಂದವರೂ ಗೋಡೆಯ ಮೇಲಣ ವಿಗ್ರಹಗಳನ್ನು ಕಣ್ತುಂಬ ನೋಡಿ ಹೊರಟುಬಿಡುತ್ತಾರೆ. ಲಕ್ಷ್ಮೀನರಸಿಂಹನ ಗುಡಿಯಲ್ಲಿ ಸ್ವಲ್ಪ ಬಗ್ಗಿಯೂ ನೋಡಬೇಕು. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಆರು ಪಟ್ಟಿಕೆಗಳಿವೆ. ತೀರ ಕೆಳಗಿನದರಲ್ಲಿ ಆನೆಗಳು ನಡೆಯುತ್ತವೆ. ಅದರ ಮೇಲಿನದರಲ್ಲಿ ಕುದುರೆಗಳು ಸಾಲುಗಟ್ಟಿ ಓಡುತ್ತವೆ.

ಆನೆ ನಮ್ಮ ಕಾಡಿನ ಪ್ರಾಣಿ. ಕುದುರೆ ಹಾಗಲ್ಲ. ಒಳ್ಳೆಯ ತಳಿ ದಕ್ಷಿಣದ ಹವೆಗೆ ಒಗ್ಗುತ್ತಿರಲಿಲ್ಲ. ರಾಜರ ಲಾಯದ ಉತ್ತಮಾಶ್ವಗಳು ಅರಬ್ಬೀ ದೇಶದಿಂದಲೂ ಪಾರಸಿಕ ಕೊಲ್ಲಿಯ ರೇವುಗಳಿಂದಲೂ ಹಡಗೇರಿ ಬರಬೇಕಾಗಿತ್ತು. ಕಮ್ಮಟದ ಚಟ್ಟಿಸೆಟ್ಟಿ ಎಂಬ ವರ್ತಕನು ಕುದುರೆ, ಆನೆ, ಮುತ್ತುಗಳನ್ನು ಹಡಗುಗಳಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದನೆಂದು ಅರಸೀಕೆರೆ ಸೀಮೆಯ ಶಾಸನವೊಂದು ಹೊಗಳುತ್ತದೆ. ಕಡಲ ಗಾಳಿ ಸೋಕದ ಈ ಬಯಲುಸೀಮೆಗೂ ಹಡಗಿನ ವ್ಯಾಪಾರಕ್ಕೂ ಎತ್ತಣಿಂದೆತ್ತಣ ನಂಟು ನೋಡಿ! ಅಂದಿನ ಕುದುರೆಯನ್ನು ಇಂದಿನ ಕಾರಿಗೆ ಹೋಲಿಸಿದರೆ ತಪ್ಪಾಗಲಾರದು. ಬೆಲೆ ದುಬಾರಿ, ಬಂದದ್ದು ದೂರದಿಂದ, ಮನೆಯ ಮುಂದೆ ನಿಂತರೆ ಯಜಮಾನನ ಘನತೆ ಹೆಚ್ಚು. ಮೇಲಾಗಿ ಅದು ಓಡಿಹೋಗಬಲ್ಲ ಆಸ್ತಿ. ಹೊಲವನ್ನು ಯಾರೂ ಎತ್ತಿಕೊಂಡು ಹೋಗಲಾರರು. ಕುದುರೆಯನ್ನೋ ಕಾರನ್ನೋ ನಂಬಿ ಸಾಲ ಕೊಟ್ಟವನ ನಿದ್ದೆ ಕೆಡಿಸುವುದು ಈ ಕೊನೆಯ ಗುಣವೇ.

ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ಬ್ಯಾಂಕಿನ ಸಾಲದಿಂದ ಕಾರು ಕೊಂಡ ತರುಣನಿಗೆ ಎರಡು ವರ್ಷ ಕಳೆಯುವುದರೊಳಗೆ ದುಬೈಯಲ್ಲಿಯೋ ಮೆಲ್ಬರ್ನಿನಲ್ಲಿಯೋ ಕೆಲಸ ಸಿಕ್ಕುತ್ತದೆ. ಕಂತು ಇನ್ನೂ ಮೂರು ವರ್ಷ ಬಾಕಿ. ಕಾರನ್ನು ಜೊತೆಗೆ ಒಯ್ಯಬಹುದೆ? ಪ್ರಶ್ನೆ ವಿಮಾನಯುಗದ್ದೆಂದು ತೋರಬಹುದು. ಆದರೆ ಸಾಲದ ಹಣ ಕಡಲು ದಾಟಿದಾಗ, ಅಥವಾ ಒತ್ತೆಯ ವಸ್ತು ಕೈ ಜಾರಿದಾಗ, ಕೊಟ್ಟವನ ಗತಿಯೇನು ಎಂಬುದನ್ನು ಕನ್ನಡನಾಡಿನ ಪಂಡಿತನೊಬ್ಬ ಒಂಬೈನೂರು ವರ್ಷಗಳ ಹಿಂದೆಯೇ ಕುಳಿತು ವಿಚಾರ ಮಾಡಿದ್ದಾನೆ.

ಆತ ಕಲ್ಯಾಣದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಎಂದರೆ 1076ರಿಂದ 1126ರ ನಡುವೆ, ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದವನು. ಆಸ್ತಿ ಪಾಲಿನ ವಿಷಯದಲ್ಲಿ ಈ ಗ್ರಂಥದ ಹೆಸರನ್ನು ವಕೀಲರ ಬಾಯಲ್ಲಿ ಎಲ್ಲರೂ ಕೇಳಿದ್ದೇವೆ. ಅದರ ಸಾಲದ ಪ್ರಕರಣವನ್ನು ಓದುವವರು ವಿರಳ. ಒತ್ತೆಯಿಟ್ಟು ಸಾಲ ತಂದವನಿಗೆ ಸ್ಮೃತಿ ವಿಧಿಸುವ ಬಡ್ಡಿ ತಿಂಗಳಿಗೆ ಎಂಬತ್ತನೆಯ ಒಂದು ಪಾಲು, ನೂರಕ್ಕೆ ಒಂದೂಕಾಲು. ಅದೇ ಹಣ ಹಿಡಿದು ಘೋರಾರಣ್ಯ ಹೊಕ್ಕು ವ್ಯಾಪಾರ ಮಾಡುವವನಿಗೆ ನೂರಕ್ಕೆ ಹತ್ತು. ಸಮುದ್ರಯಾನ ಮಾಡುವವನಿಗೆ ನೂರಕ್ಕೆ ಇಪ್ಪತ್ತು! ಇದು ದುರಾಶೆಯಲ್ಲ, ಅಸಲೇ ಮುಳುಗೀತೆಂಬ ಶಂಕೆಯ ಬೆಲೆ ಎಂದು ವ್ಯಾಖ್ಯಾನಕಾರನ ಸಮಾಧಾನ.

ಒತ್ತೆಯ ಬಗ್ಗೆ ಹೇಳಿರುವ ಎರಡು ಮಾತುಗಳು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದವು. ಮೊದಲನೆಯದು, ಒತ್ತೆ ಸಿದ್ಧವಾಗುವುದು ಸ್ವೀಕಾರದಿಂದ. ಬರಿಯ ಬಾಯಿಮಾತು ಸಾಲದು, ವಸ್ತು ಸಾಲ ಕೊಟ್ಟವನ ವಶಕ್ಕೆ ಬರಬೇಕು. ಎರಡನೆಯದು, ಜೋಪಾನವಾಗಿ ಕಾಪಾಡಿದರೂ ಒತ್ತೆಯ ವಸ್ತು ಸತ್ವಗೆಟ್ಟರೆ, ಸಾಲಗಾರ ಬೇರೊಂದು ಒತ್ತೆಯಿಡಬೇಕು, ಇಲ್ಲವೆ ಹಣ ಹಿಂದಿರುಗಿಸಬೇಕು. ಹೊರದೇಶಕ್ಕೆ ಹೊರಟ ಇಂದಿನ ತರುಣನಿಗೆ ಬ್ಯಾಂಕಿನ ಮ್ಯಾನೇಜರು ಹೇಳುವುದೂ ಹೆಚ್ಚುಕಡಮೆ ಇದೇ ಮಾತು. ಆತ ಮಿತಾಕ್ಷರಾ ಓದಿರಬೇಕಾಗಿಲ್ಲ.

ಕುದುರೆಯ ವ್ಯಾಪಾರದಲ್ಲಿ ಈ ಶಂಕೆಯ ಭಾರವನ್ನು ಹೊತ್ತವರು ಯಾರು? ತಮಿಳುನಾಡಿನ ಪಾಂಡ್ಯರಿಗೂ ಕೀಶ್ ದ್ವೀಪದ ಅರಬ್ಬೀ ವರ್ತಕರಿಗೂ ಇದ್ದ ಒಪ್ಪಂದವನ್ನು ಪಾರಸಿಕ ಇತಿಹಾಸಕಾರ ವಸ್ಸಾಫ್ ಬರೆದಿಟ್ಟಿದ್ದಾನೆ. ವರ್ಷಕ್ಕೆ 1,400 ಕುದುರೆ. ತಲೆಗೆ 220 ಚಿನ್ನದ ದೀನಾರು. ದಾರಿಯಲ್ಲಿ ಸತ್ತ ಕುದುರೆಗೂ ರಾಜನ ಬೊಕ್ಕಸದಿಂದಲೇ ಹಣ. ವಿಜಯನಗರದ ಸಾಳುವ ನರಸಿಂಹನ ವಿಚಾರದಲ್ಲಿ ಪೋರ್ಚುಗೀಸ್ ವರ್ತಕ ನೂನಿಜ್ ಹೇಳುವ ಸಂಗತಿ ಇದಕ್ಕಿಂತ ರಸವತ್ತಾದುದು. ನರಸಿಂಹ ಸತ್ತ ಕುದುರೆ ಬದುಕಿದ ಕುದುರೆಗಳನ್ನೆಲ್ಲ ಸೇರಿಸಿ ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಗೆ ಕೊಡುವ ಹಣವನ್ನೇ ಎಣಿಸಿ ಕೊಡುತ್ತಿದ್ದನಂತೆ. ಇದನ್ನು ಓದಿ ನಗುವವರುಂಟು. ಆದರೆ ಆ ಬಾಲವೇನು ಸಾಮಾನ್ಯ ಬಾಲವೆ? ಕಣ್ಣೆದುರಿಗಿಲ್ಲದ ವಸ್ತುವಿಗೆ ಅದು ಸಾಕ್ಷಿ, ಅದು ದಾಖಲೆ, ಅದೇ ಹಣದ ರಶೀದಿ. ಅರಸ ಆ ಗುರುತನ್ನು ಒಪ್ಪಿದ್ದರಿಂದಲೇ ವರ್ತಕ ಮತ್ತೆ ಹಡಗು ಹತ್ತುತ್ತಿದ್ದ.

ಒತ್ತೆ ಕೊಟ್ಟವನ ವಶದಲ್ಲಿರಬೇಕೆಂಬ ಹಳೆಯ ನಿಯಮಕ್ಕೆ ಒಂದು ತೊಡಕಿದೆ. ಚಿನ್ನದ ಸರವನ್ನು ಒತ್ತೆಯಿಟ್ಟು ಬರಿಗೊರಳಲ್ಲಿ ಓಡಾಡಬಹುದು. ಕಾರನ್ನು ಬ್ಯಾಂಕಿನ ಅಂಗಳದಲ್ಲಿ ನಿಲ್ಲಿಸಿ ಬಂದರೆ ಸಾಲ ಮಾಡಿದ್ದಾದರೂ ಏತಕ್ಕೆ? ವಸ್ತು ಕೊಂಡವನ ಕೈಯಲ್ಲಿ, ಹಿಡಿತ ಕೊಟ್ಟವನ ಕೈಯಲ್ಲಿ ಎಂಬ ಉಪಾಯವನ್ನು ಇಂಗ್ಲೆಂಡಿನ ವ್ಯಾಪಾರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಿ ಮಾಡಿದರು. ಅದಕ್ಕೆ ನ್ಯಾಯದ ಮುದ್ರೆ ಬಿದ್ದುದು ಒಂದು ಪಿಯಾನೋ ವಾದ್ಯದ ಮೊಕದ್ದಮೆಯಲ್ಲಿ. ತಿಂಗಳಿಗೆ ಹತ್ತೂವರೆ ಷಿಲಿಂಗಿನಂತೆ 36 ಕಂತಿನ ಕರಾರಿನ ಮೇಲೆ ಪಿಯಾನೋ ಒಯ್ದವನೊಬ್ಬ, ಕಂತು ತೀರುವ ಮೊದಲೇ ಅದನ್ನು ಗಿರವಿ ಅಂಗಡಿಯಲ್ಲಿಟ್ಟ. ವಾದ್ಯ ಯಾರದು? ಲಾರ್ಡುಗಳ ಸಭೆ 1895ರಲ್ಲಿ ತೀರ್ಪಿತ್ತಿತು: ಒಯ್ದವನು ಬಾಡಿಗೆದಾರ, ಬೇಕಾದಾಗ ಹಿಂದಿರುಗಿಸುವ ಸ್ವಾತಂತ್ರ್ಯವುಳ್ಳವನು, ಕೊಳ್ಳಲು ಕಟ್ಟುಬಿದ್ದವನಲ್ಲ, ಆದ್ದರಿಂದ ವಾದ್ಯ ಮೂಲ ಮಾಲೀಕನದೇ. ಪಾಪ, ಗಿರವಿ ಅಂಗಡಿಯವನು ಹಣ ಕಳೆದುಕೊಂಡ. ಆ ಪಿಯಾನೋವಿನ ಹಿಂದೆಯೇ ಲಕ್ಷಾಂತರ ಮೋಟಾರುಗಳು ಬಂದವು.

ನಮ್ಮಲ್ಲಿ 1939ರ ಮೋಟಾರು ವಾಹನ ಕಾನೂನು ಮೊದಲಿಗೆ ಈ ಬಾಡಿಗೆ-ಖರೀದಿಯ ಗೊಡವೆಗೆ ಹೋಗಿರಲಿಲ್ಲ. 1956ರ ತಿದ್ದುಪಡಿಯಲ್ಲಿ 31-ಎ ಎಂಬ ಕಲಮು ಸೇರಿತು. ಸಾಲದ ಸಂಗತಿಯನ್ನು ವಾಹನದ ನೋಂದಣಿ ಪತ್ರದ ಮೇಲೆಯೇ ಬರೆಯುವ ಪದ್ಧತಿ ಬಂತು. 1972ರಲ್ಲಿ ಬಾಡಿಗೆ-ಖರೀದಿಗೆಂದೇ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಅದು ಒಂದು ದಿನವೂ ಜಾರಿಗೆ ಬರದೆ 2005ರಲ್ಲಿ ರದ್ದಾಯಿತು. ಹುಟ್ಟಿದ ಮಗು ಕಣ್ಣು ಬಿಡುವ ಮೊದಲೇ ಮುದಿಯಾಗಿ ತೀರಿಕೊಂಡಂತೆ. ಈಗ ನಡೆಯುತ್ತಿರುವುದು 1988ರ ಕಾನೂನಿನ 51ನೆಯ ಕಲಮು. ಆರ್‌.ಸಿ. ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಬಿದ್ದಿರುವ ತನಕ ಅದರ ಒಪ್ಪಿಗೆಯಿಲ್ಲದೆ ಕಾರು ಇನ್ನೊಬ್ಬರ ಹೆಸರಿಗೆ ಹೋಗದು. ಹಾಸನದ ಕೆ.ಎ.-13 ಕಾರು ಹನ್ನೆರಡು ತಿಂಗಳು ಮೀರಿ ಕಾಸರಗೋಡಿನಲ್ಲಿ ಉಳಿದರೆ ಅಲ್ಲಿಯ ಕೆ.ಎಲ್.-14 ಪಡೆಯಬೇಕು, ಅದಕ್ಕೂ ಬ್ಯಾಂಕಿನ ಒಪ್ಪಿಗೆ ಬೇಕು. ಅಂತೂ ನೂನಿಜ್ ಕಂಡ ಕುದುರೆಯ ಬಾಲದ ಸ್ಥಾನದಲ್ಲಿ ಈ ಪುಸ್ತಕ ಬಂದು ಕುಳಿತಿದೆ. ಬಾಲವನ್ನು ಒಪ್ಪುವ ಅರಸನಿದ್ದಲ್ಲಿ ಮಾತ್ರ ಬಾಲಕ್ಕೆ ಬೆಲೆ. ಪುಸ್ತಕದ ಬರಹವೂ ಅದನ್ನು ಮನ್ನಿಸುವ ಸರಕಾರದ ಎಲ್ಲೆಯವರೆಗೆ ಮಾತ್ರ.

ಆ ಎಲ್ಲೆ ಯಾವಾಗಲೂ ಸಮುದ್ರತೀರವೇ ಆಗಿರಬೇಕೆಂದಿಲ್ಲ. 1881ರಿಂದ 1947ರವರೆಗೆ ಬೆಂಗಳೂರಿನೊಳಗೇ ಒಂದು ಗಡಿಯಿತ್ತು. ಪೇಟೆ ಮಹಾರಾಜರದು; ದಂಡು, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷ್ ರೆಸಿಡೆಂಟರ ಆಡಳಿತದ್ದು. ಚಿಕ್ಕಪೇಟೆಯಿಂದ ಜಟಕಾ ಹತ್ತಿ ದಂಡಿಗೆ ಹೋದರೆ ಕಾನೂನೇ ಬದಲಾಗುತ್ತಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಣ್ಣಿನಲ್ಲಿ ಮೈಸೂರು ಸಂಸ್ಥಾನದ ನ್ಯಾಯಾಲಯ ಪರದೇಶದ ನ್ಯಾಯಾಲಯ. ಕನ್ನಡಿಗ ಕನ್ನಡಿಗನಿಗೆ ಕೊಟ್ಟ ಸಾಲವೂ ಹೀಗೆ ‘ವಿದೇಶ’ಕ್ಕೆ ಹೋಗಬಹುದಾಗಿತ್ತು.

ಇನ್ನು ನಿಜವಾದ ವಿದೇಶದ ಮಾತು. ಪ್ರವಾಸಕ್ಕಾಗಿ ಕಾರನ್ನು ಹೊರನಾಡಿಗೆ ಒಯ್ಯುವವರಿಗೆ ‘ಕಾರ್ನೆ’ ಎಂಬ ಸುಂಕದ ಪತ್ರವಿದೆ. 1954ರ ನ್ಯೂಯಾರ್ಕ್ ಒಡಂಬಡಿಕೆ ಅದಕ್ಕೆ ಆಧಾರ. ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ನಿನಂಥ ಸಂಸ್ಥೆಗಳು, ಮಾಲೀಕನಿಂದ ಭಾರಿ ಜಾಮೀನು ಕಟ್ಟಿಸಿಕೊಂಡು ಅದನ್ನು ಕೊಡುತ್ತ ಬಂದಿವೆ. ಕಾರು ಹೋಗಿ ಹಿಂದಿರುಗದಿದ್ದರೆ ಆ ದೇಶದ ಸುಂಕ ಆ ಜಾಮೀನಿನಿಂದ ವಸೂಲು. ಒಂದು ಒತ್ತೆ ಕೈಜಾರುವುದಾದರೆ ಇನ್ನೊಂದು ಒತ್ತೆ: ವಿಜ್ಞಾನೇಶ್ವರನ ಸೂತ್ರವೇ ಅಲ್ಲವೆ? ಆದರೆ ಕಾರ್ನೆಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಸಂಸಾರ ಹೂಡಲು ಹೊರಟವನಿಗೆ ಅದು ಒದಗದು. ಸಾಲ ತೀರಿಸಿ ಕಾರನ್ನು ಹಡಗಿಗೆ ಏರಿಸಿದರೂ ಆಚೆಯ ದಡದಲ್ಲಿ ಸುಂಕವಿದೆ, ನಿಯಮಗಳಿವೆ. ಅಮೆರಿಕ ತನ್ನ ಸುರಕ್ಷತಾ ನಿಯಮಕ್ಕೆ ಹೊಂದದ ಕಾರನ್ನು ಇಪ್ಪತ್ತೈದು ವರ್ಷ ಹಳತಾಗುವವರೆಗೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿಂದ ಹೊರಗೆ ಒಯ್ಯುವುದೂ ಸುಲಭವಲ್ಲ: ಹಡಗಿನಲ್ಲಿ ಕಳಿಸುವ ಕಾರಿನ ಕಾಗದಪತ್ರವನ್ನು 72 ಗಂಟೆ ಮೊದಲೇ ಸುಂಕದ ಕಟ್ಟೆಗೆ ಒಪ್ಪಿಸಬೇಕು, ಸಾಲವಿದ್ದರೆ ಕೊಟ್ಟವನ ಲಿಖಿತ ಸಮ್ಮತಿಯನ್ನೂ ಲಗತ್ತಿಸಬೇಕು. ಹೀಗಾಗಿ ನಮ್ಮವರಲ್ಲಿ ಬಹುಮಂದಿ ಕಾರನ್ನು ಮಾರಿ, ಸಾಲ ಚುಕ್ತಾ ಮಾಡಿ, 35ನೆಯ ನಮೂನೆಗೆ ಬ್ಯಾಂಕಿನ ಸಹಿ ಪಡೆದು ವಿಮಾನ ಹತ್ತುತ್ತಾರೆ. ಅದೇ ವಿವೇಕ.

ವಿವೇಕ ತೋರದವರ ಸಾಲ ಎಲ್ಲಿಗೆ ಹೋಗುತ್ತದೆ? ಅನೇಕ ವೇಳೆ ಊರಿನಲ್ಲಿ ಉಳಿದ ತಂದೆಯ ಬಾಗಿಲಿಗೆ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 1872ರ ಕರಾರು ಕಾಯಿದೆಯ 128ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಯಾಜ್ಞವಲ್ಕ್ಯ ಜಾಮೀನನ್ನು ಮೂರು ಬಗೆಯಾಗಿ ವಿಂಗಡಿಸಿದ್ದ: ಆಳನ್ನು ಹಾಜರುಪಡಿಸುವೆನೆಂಬುದು, ಆಳು ನಂಬಿಕಸ್ಥನೆಂಬುದು, ಹಣವನ್ನೇ ಕೊಡುವೆನೆಂಬುದು. ಮೊದಲೆರಡರಲ್ಲಿ ಹೊಣೆ ಜಾಮೀನು ನಿಂತವನೊಡನೆ ಮುಗಿಯುತ್ತದೆ; ಮೂರನೆಯದು ಅವನ ಮಕ್ಕಳನ್ನೂ ಬಿಡುವುದಿಲ್ಲ. ಅಲ್ಲಿ ತಂದೆಯ ಜಾಮೀನು ಮಗನಿಗೆ ಬರುತ್ತಿತ್ತು. ಇಲ್ಲಿ ಮಗನ ಕಾರು ತಂದೆಗೆ ಬರುತ್ತದೆ. ತೆಂಗಿನ ತೋಟದ ಆದಾಯದಲ್ಲಿ ಯಾರೂ ಓಡಿಸದ ಕಾರಿನ ಕಂತು ಕಟ್ಟುವ ಮುದುಕರ ಮುಂದೆ ಕಾನೂನಿನ ಈ ಸೂಕ್ಷ್ಮ ಹೇಳಿ ಪ್ರಯೋಜನವಿಲ್ಲ.

ತಿರುಗುಮುಖದ ಕತೆಯೂ ಉಂಟು. 2008-09ರ ಹಣಕಾಸಿನ ಕುಸಿತದಲ್ಲಿ ಕೆಲಸ ಕಳೆದುಕೊಂಡ ಪರದೇಶಿಗಳು ಸಾಲದ ಕಾರುಗಳನ್ನು ದುಬೈ ವಿಮಾನ ನಿಲ್ದಾಣದಲ್ಲಿ ಬಿಟ್ಟು ಹೊರಟುಹೋದರೆಂದು ಪತ್ರಿಕೆಗಳು ಬರೆದವು. ಎಷ್ಟು ಕಾರುಗಳೆಂಬುದರಲ್ಲಿ ಒಮ್ಮತವಿರಲಿಲ್ಲ. ಭಯವಂತೂ ನಿಜವಾದದ್ದು: ಸಾಲಕ್ಕೆ ಆಧಾರವಾಗಿ ಕೊಟ್ಟ ಚೆಕ್ಕು ನಗದಾಗದಿದ್ದರೆ ಅಲ್ಲಿ ಸೆರೆಮನೆ ಕಾದಿರುತ್ತಿತ್ತು, ಆ ಕಠಿಣ ನಿಯಮ ಸಡಿಲವಾದದ್ದು 2022ರಲ್ಲಿ. ಊರಿಗೆ ಬಂದು ಮುಟ್ಟಿದರೆ ಸಾಲ ಕಡಲಿನಾಚೆಯೇ ಉಳಿಯಿತೆಂದು ಅಂದು ನೆಮ್ಮದಿಯ ಉಸಿರು ಬಿಟ್ಟವರಿದ್ದರೆ, ಆ ನೆಮ್ಮದಿ ಇಂದಿನವರಿಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1937ರಲ್ಲಿ ಸೇರಿದ 44-ಎ ಕಲಮಿನಂತೆ, ಸರಕಾರ ಹೆಸರಿಸಿದ ದೇಶಗಳ ಮೇಲಿನ ನ್ಯಾಯಾಲಯಗಳು ಹಣದ ವಿಷಯದಲ್ಲಿ ಕೊಟ್ಟ ಡಿಕ್ರಿಯನ್ನು ಇಲ್ಲಿಯ ಜಿಲ್ಲಾ ನ್ಯಾಯಾಲಯ ತನ್ನದೇ ಡಿಕ್ರಿಯೆಂಬಂತೆ ಜಾರಿ ಮಾಡಬಹುದು. ತೆರಿಗೆ, ದಂಡಗಳು ಈ ಲೆಕ್ಕಕ್ಕೆ ಸೇರವು. ಬ್ಯಾಂಕಿನ ಬಾಕಿ ಸೇರುತ್ತದೆ. ಸಂಯುಕ್ತ ಅರಬ್ ಎಮಿರೇಟುಗಳ ಹೆಸರು ಆ ಪಟ್ಟಿಗೆ ಸೇರಿದ್ದು 2020ರ ಜನವರಿಯಲ್ಲಿ. ಅಲ್ಲಿಯ ಬ್ಯಾಂಕು ಡಿಕ್ರಿಯ ದೃಢೀಕೃತ ಪ್ರತಿಯನ್ನು ಹಾಸನದ ಜಿಲ್ಲಾ ನ್ಯಾಯಾಲಯಕ್ಕೆ ಸಲ್ಲಿಸಿತೆಂದರೆ, ದುಬೈಯ ಮರಳಿನಲ್ಲಿ ಬಿಟ್ಟುಬಂದ ಕಾರಿನ ಬಾಕಿಗಾಗಿ ಹಾರನಹಳ್ಳಿಯ ಮನೆಗೆ ಅಮೀನರು ಬರಬಹುದು.