ಮಂಗನ ಮೆದುಳಿನಲ್ಲಿ ಬೆಳಕು ಮತ್ತು ಕಣ್ಣಿನ ಚಲನೆ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯೂ ಸೇರಿದಂತೆ ದಕ್ಷಿಣ ಭಾರತದುದ್ದಕ್ಕೂ ಕಾಣುವ ಮಂಗ ಮಕಾಕಾ ರೇಡಿಯೇಟಾ ಪ್ರಭೇದದ್ದು. ಗುಡಿಯ ಪೌಳಿ ಮೇಲೆ ಕುಳಿತ ಮಂಗನ ನೋಟ ಭಕ್ತರ ಕೈಯ ಬಾಳೆಹಣ್ಣಿನಿಂದ ಮುಖಕ್ಕೆ, ಮುಖದಿಂದ ಬಡಿಗೆಗೆ ಥಟ್ಟನೆ ನೆಗೆಯುತ್ತದೆ. ಇಂಥ ನೆಗೆತಕ್ಕೆ ಸ್ಯಾಕೇಡ್ ಎಂದು ಹೆಸರು. ಮನುಷ್ಯರ ಕಣ್ಣೂ ಸೆಕೆಂಡಿಗೆ ಸುಮಾರು 3 ಬಾರಿ ಹೀಗೆ ನೆಗೆಯುತ್ತದೆ. ಪ್ರತಿ ಸಲವೂ ಅಕ್ಷಿಪಟಲದ ಮೇಲಿನ ಚಿತ್ರ ಸರಿಯುತ್ತದೆ; ಆದರೂ ಕಾಣುವ ಲೋಕ ಅಲುಗದು. ಮಂಗನ ಮೆದುಳಿನ ಅಧ್ಯಯನಕ್ಕೆ ಮಹತ್ವ ತಂದದ್ದು ಈ ಒಗಟೇ.

ತಲೆಯ ಹಿಂಭಾಗದಲ್ಲಿರುವ ಪ್ರಾಥಮಿಕ ದೃಷ್ಟಿ ತೊಗಟೆಯ ಒಂದೊಂದು ನರಕೋಶವೂ ನೋಟದ ಸಣ್ಣದೊಂದು ಭಾಗದ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. 1969ರಲ್ಲಿ ಅಮೆರಿಕದ ರಾಬರ್ಟ್ ವುರ್ಟ್ಸ್ ಎಚ್ಚರದಲ್ಲಿದ್ದ ಮಂಗಗಳಲ್ಲಿ ಈ ಕೋಶಗಳನ್ನು ಪರೀಕ್ಷಿಸಿದರು. ಪರದೆಯ ಚುಕ್ಕೆಯ ಮೇಲೆ ಕಣ್ಣು ನೆಟ್ಟರೆ ಮಂಗಕ್ಕೆ ಗುಟುಕು ಪಾನೀಯ ಸಿಗುತ್ತದೆ. ಕೂದಲೆಳೆಯಂಥ ಲೋಹದ ತಂತಿ ಕೋಶದ ವಿದ್ಯುತ್ ಮಿಡಿತವನ್ನು ಹಿಡಿಯುತ್ತದೆ. ಬೆಳಕೇ ಚಲಿಸಲಿ, ಕಣ್ಣೇ ಚಲಿಸಲಿ, ಅಲ್ಲಿನ ಬಹುಪಾಲು ಕೋಶಗಳ ಉತ್ತರ ಒಂದೇ ಬಗೆಯದಾಗಿತ್ತು. ಎಂದರೆ, ವ್ಯತ್ಯಾಸವನ್ನು ಗುರುತಿಸುವ ಕೆಲಸ ಮುಂದಿನ ಹಂತಗಳದ್ದು. ತೊಗಟೆಯ ಪಾರ್ಶ್ವ ಭಾಗದ ಕೆಲವು ಕೋಶಗಳು ಕಣ್ಣು ನೆಗೆಯುವ ಮೊದಲೇ ಹೊಸ ಜಾಗದ ಬೆಳಕಿಗೆ ಸ್ಪಂದಿಸುತ್ತವೆ ಎಂದು 1992ರಲ್ಲಿ ತಿಳಿಯಿತು. ಕಣ್ಣಿಗೆ ಹೋಗುವ ಆಜ್ಞೆಯ ನಕಲೊಂದು ನಡುಮೆದುಳಿನಿಂದ ಮೆದುಳಿನ ಆಳದ ಥಲಾಮಸ್ ಮೂಲಕ ಮುಂಭಾಗದ ತೊಗಟೆಗೆ ತಲುಪುವ ದಾರಿಯನ್ನು 2002ರಲ್ಲಿ ವುರ್ಟ್ಸ್ ಮತ್ತು ಮಾರ್ಕ್ ಸಾಮರ್ ತೋರಿಸಿದರು. ಈ ಕ್ಷೇತ್ರದ ಅತ್ಯಂತ ಗಟ್ಟಿ ಸಾಧನೆಗಳಲ್ಲಿ ಇದೊಂದು.

ಕರ್ನಾಟಕದಲ್ಲಿ ಈ ಸಂಶೋಧನೆಯ ನೆಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ಆದಿತ್ಯ ಮೂರ್ತಿ ಅವರ ತಂಡ, ಮೊದಲ ನೆಗೆತ ಮುಗಿಯುವ ಮುನ್ನವೇ ಎರಡನೆಯದಕ್ಕೆ ಮುಂಭಾಗದ ಕೋಶಗಳು ಸಜ್ಜಾಗುವುದನ್ನು ದಾಖಲಿಸಿದೆ. ಸುಪ್ರತಿಮ್ ರೇ ಅವರ ತಂಡ ಬಳಸಿದ್ದು ಮೊದಲು ಹೇಳಿದ ಮಕಾಕಾ ರೇಡಿಯೇಟಾ ಪ್ರಭೇದವನ್ನೇ. ಕೆಂಪು ಛಾಯೆಯ ಬೆಳಕು ದೃಷ್ಟಿ ತೊಗಟೆಯಲ್ಲಿ ಗ್ಯಾಮಾ ಲಯವನ್ನು, ಎಂದರೆ ವಿದ್ಯುತ್ ಮಿಡಿತದ ಕ್ಷಿಪ್ರ ಏರಿಳಿತವನ್ನು, ಅಸಾಧಾರಣವಾಗಿ ಹೆಚ್ಚಿಸುತ್ತದೆ ಎಂಬುದು 2018ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ. ಮಂಗಗಳ ಮೇಲಿನ ಪ್ರಯೋಗ ಹಗುರವಾಗಿ ಕಾಣುವ ವಿಷಯವಲ್ಲ. ಪ್ರಾಣಿಹಿಂಸೆ ತಡೆಯ 1960ರ ಕಾಯ್ದೆಯಡಿ ಸಮಿತಿಯ ಒಪ್ಪಿಗೆ ಇಲ್ಲದೆ ಅವು ನಡೆಯುವಂತಿಲ್ಲ. ರೇ ಅವರ ತಂಡ ಮುಂದೆ ಬೆಂಗಳೂರಿನ ಹಿರಿಯ ನಾಗರಿಕರ ನೆತ್ತಿಯ ಮೇಲಿಂದಲೇ ಗ್ಯಾಮಾ ಲಯವನ್ನು ಅಳೆಯಿತು. ಅಲ್ಜೈಮರ್‌ನ ಆರಂಭಿಕ ಹಂತದಲ್ಲಿದ್ದವರಲ್ಲಿ ಅದು ಕ್ಷೀಣವಾಗಿರುವುದು 2021ರಲ್ಲಿ ವರದಿಯಾಯಿತು.